ಬಣ್ಣ ಒಳಗೆ, ಏಟು ಹೊರಗೆ

ರಿಮೋಟ್ ಹಿಡಿದು ಓಡಿಸುವ ಆರ್‌ಸಿ ಟ್ರಕ್‌ಗೆ ಬಣ್ಣ ಹೊಡೆಯುವಷ್ಟು ವಿಚಿತ್ರ ಕೆಲಸ ಇನ್ನೊಂದಿಲ್ಲ. ಗಂಟೆಗಟ್ಟಲೆ ಕೂತು ಟೇಪ್ ಅಂಟಿಸಿ, ಪಟ್ಟೆ ಎಳೆದು, ಉಸಿರು ಬಿಗಿಹಿಡಿದು ಸ್ಪ್ರೇ ಮಾಡಿ, ಒಣಗಿಸಿ, ನಾಲ್ಕೂ ಕಡೆಯಿಂದ ತಿರುಗಿಸಿ ನೋಡಿ ಖುಷಿಪಟ್ಟು, ಆಮೇಲೆ ಬೇಕಂತಲೇ ತೆಗೆದುಕೊಂಡು ಹೋಗಿ ಕಲ್ಲು ಮಣ್ಣಿನಲ್ಲಿ ಪಲ್ಟಿ ಹೊಡೆಸುತ್ತೇವೆ. ದೊಡ್ಡ ಕಾರಿನವರು ಸಣ್ಣ ಗೀರು ಬಿದ್ದರೂ ಎರಡು ದಿನ ಮುಖ ಸಪ್ಪಗೆ ಮಾಡಿಕೊಂಡಿರುತ್ತಾರೆ. ನಾವು ಟ್ರಕ್ ತಲೆಕೆಳಗಾಗಿ ಜಾರಿಕೊಂಡು ಹೋದರೆ ಚಪ್ಪಾಳೆ ತಟ್ಟುತ್ತೇವೆ. ಆದರೆ ಬಣ್ಣ ಮಾತ್ರ ಹೋಗಬಾರದು! ಇದೆಂಥ ಆಸೆ ಅಲ್ವಾ?

ತಮಾಷೆ ಅಂದರೆ ಈ ಆಸೆ ಪೂರ್ತಿ ಹುಚ್ಚೇನೂ ಅಲ್ಲ. ಓಡಿಸಿ ಕೆಡವುವ ಟ್ರಕ್‌ಗಳ ಬಾಡಿ ಹೆಚ್ಚಾಗಿ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು. 1953ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ಡೇನಿಯಲ್ ಫಾಕ್ಸ್, ಜರ್ಮನಿಯ ಬೇಯರ್‌ನಲ್ಲಿದ್ದ ಹರ್ಮನ್ ಶ್ನೆಲ್ ಇಬ್ಬರೂ ಬೇರೆಬೇರೆಯಾಗಿಯೇ ಇದನ್ನು ಕಂಡುಹಿಡಿದರು. ಜನರಲ್ ಎಲೆಕ್ಟ್ರಿಕ್ ಇಟ್ಟ ಲೆಕ್ಸಾನ್ ಎಂಬ ಹೆಸರೇ ಇವತ್ತಿಗೂ ಈ ಹವ್ಯಾಸದವರ ಬಾಯಲ್ಲಿ ಇರುವುದು. ಏಟು ಬಿದ್ದರೆ ಬಗ್ಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಜೊತೆಗೆ ಪಾರದರ್ಶಕ. ಈ ಕೊನೆಯ ಗುಣವೇ ನಮ್ಮನ್ನು ಕಾಪಾಡುವುದು. ಪೇಂಟನ್ನು ಬಾಡಿಯ ಒಳಮೈಗೆ ಹೊಡೆಯುತ್ತೇವೆ, ಹೊರಗೆ ನಿಂತವರಿಗೆ ಪ್ಲಾಸ್ಟಿಕ್ ಮೂಲಕ ಬಣ್ಣ ಕಾಣುತ್ತದೆ. ಕಲ್ಲು ಉಜ್ಜುವುದು ಪ್ಲಾಸ್ಟಿಕ್ಕನ್ನು, ಬಣ್ಣವನ್ನಲ್ಲ. ಈ ಉಪಾಯ ಮಾಡಿದ ಪುಣ್ಯಾತ್ಮರಿಗೆ ಒಂದು ನಮಸ್ಕಾರ.

ಹಾಗಂತ ಒಳಗಿದ್ದ ಮಾತ್ರಕ್ಕೆ ಬಣ್ಣ ಉಳಿಯುತ್ತದೆ ಅಂತಿಲ್ಲ. ಅದು ಹಕ್ಕಳೆ ಎದ್ದು ಉದುರಿದಾಗ ಎಲ್ಲರೂ ಬೈಯುವುದು ಡಬ್ಬಿಯನ್ನು. ನನ್ನ ಪ್ರಕಾರ ಮೊದಲು ಬೈಯಬೇಕಾದ್ದು ತೊಳೆಯದ ಕೈಯನ್ನು. ಹೊಸ ಬಾಡಿಯ ಒಳಗೆ ಅಚ್ಚಿನಿಂದ ಬಂದ ಜಿಡ್ಡು ಇರಬಹುದು, ಅದರ ಮೇಲೆ ನಮ್ಮ ಬೆರಳಿನ ಎಣ್ಣೆ ಬೇರೆ. ಪೇಂಟ್ ಆ ಜಿಡ್ಡಿಗೆ ಅಂಟಿಕೊಳ್ಳುತ್ತದೆ, ಪ್ಲಾಸ್ಟಿಕ್‌ಗಲ್ಲ. ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು, ನೂಲು ಬಿಡದ ಬಟ್ಟೆ, ಇಷ್ಟೇ ಸಾಕು. ಆಮೇಲೆ ಒಳಗೆ ಬೆರಳಿಡಬಾರದು. ಇದರಲ್ಲಿ ಫೋಟೋ ತೆಗೆದು ತೋರಿಸುವಂಥದ್ದು ಏನೂ ಇಲ್ಲ, ಅದಕ್ಕೇ ಯಾರಿಗೂ ಇದು ಇಷ್ಟವಿಲ್ಲ.

ಎರಡನೆಯದು ಪೇಂಟಿನ ಜಾತಿ. ಬಾಗಿಲು ಕಿಟಕಿಗೆ ಹೊಡೆಯುವ ಸ್ಪ್ರೇ ಒಣಗಿದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಬಾಗಿಲು ಬಗ್ಗುವುದಿಲ್ಲವಲ್ಲ, ಅಲ್ಲಿಗೆ ಅದು ಸರಿ. ಲೆಕ್ಸಾನ್ ಬಗ್ಗಿದಾಗ ಪೇಂಟೂ ಜೊತೆಗೆ ಬಗ್ಗಬೇಕು, ಇಲ್ಲದಿದ್ದರೆ ಬಿರುಕು. ಮಾದರಿ ವಾಹನ ಮಾಡುವ ಟಾಮಿಯಾ ಕಂಪನಿ ಇದಕ್ಕಾಗಿಯೇ ಎರಡು ಬಗೆಯ ಸ್ಪ್ರೇ ಪೇಂಟ್ ಮಾಡಿದೆ: ಪಾಲಿಕಾರ್ಬೊನೇಟ್‌ಗೆ ಪಿಎಸ್, ಗಟ್ಟಿ ಪ್ಲಾಸ್ಟಿಕ್‌ಗೆ ಟಿಎಸ್. ಡಬ್ಬಿಗಳು ನೋಡಲು ಅಣ್ಣತಮ್ಮಂದಿರು, ಆದರೆ ಒಬ್ಬನ ಕೆಲಸ ಇನ್ನೊಬ್ಬನಿಗೆ ಬರುವುದಿಲ್ಲ. ಟಿಎಸ್ ಅನ್ನು ಲೆಕ್ಸಾನ್‌ಗೆ ಹೊಡೆದರೆ ಸಿಪ್ಪೆ ಸಿಪ್ಪೆಯಾಗಿ ಎದ್ದು ಬರುತ್ತದೆ, ಪಿಎಸ್ ಅನ್ನು ಗಟ್ಟಿ ಬಾಡಿಗೆ ಹೊಡೆದರೆ ಪ್ಲಾಸ್ಟಿಕ್ಕಿನ ಮೈಯನ್ನೇ ತಿನ್ನುತ್ತದೆ.

ಒಳಗಿನಿಂದ ಹೊಡೆಯುವುದು ಅಂದರೆ ಕತೆಯನ್ನು ಕೊನೆಯಿಂದ ಹೇಳಿದ ಹಾಗೆ. ಎಲ್ಲಕ್ಕಿಂತ ಮೇಲೆ ಕಾಣಬೇಕಾದ ಪಟ್ಟೆ ಮೊದಲು, ಅದರ ಹಿಂದಿನ ದೊಡ್ಡ ಬಣ್ಣ ಆಮೇಲೆ. ಗಾಢ ಬಣ್ಣ ಮೊದಲು, ತಿಳಿ ಬಣ್ಣ ನಂತರ, ಯಾಕೆಂದರೆ ಹಳದಿಯ ಹಿಂದೆ ಕಪ್ಪು ಬಂದರೆ ಹಳದಿ ಮಂಕಾಗುತ್ತದೆ. ಫ್ಲೋರೊಸೆಂಟ್ ಬಣ್ಣಗಳಂತೂ ಹಿಂದೆ ಬಿಳಿ ಇಲ್ಲದೆ ಹೊಳೆಯುವುದೇ ಇಲ್ಲ. ಕೊನೆಗೆ ಬೇಕಾದರೆ ಬಿಳಿಯ ಹಿಂದೆ ಒಂದು ಕಪ್ಪು ಕೋಟ್, ಒಳಗಿನ ಮೋಟಾರು ಬ್ಯಾಟರಿಗಳ ನೆರಳು ಕಾಣದ ಹಾಗೆ.

ಇನ್ನು ಕೋಟ್ ತೆಳುವಾಗಿರಬೇಕು. ಮೊದಲನೆಯದು ಹನಿ ಹನಿ ಸಿಂಪಡಿಸಿದಂತೆ ಕಂಡರೂ ಪರವಾಗಿಲ್ಲ, ಕಾಣಲೇಬೇಕು. ಇಲ್ಲೇ ನಮ್ಮಂಥವರ ಕೈ ತುರಿಸುವುದು. ಇನ್ನೊಂದು ಸ್ವಲ್ಪ ಹೊಡೆದುಬಿಟ್ಟರೆ ಮುಗಿಯಿತು ಅಂತ ಒಂದೇ ಸಲ ದಪ್ಪಗೆ ಸುರಿದರೆ ಪೇಂಟ್ ಮೂಲೆಗಳಲ್ಲಿ ಮಡುಗಟ್ಟುತ್ತದೆ, ಟೇಪಿನ ಕೆಳಗೆ ನುಸುಳುತ್ತದೆ, ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ತಾಳಿದವನು ಬಾಳಿಯಾನು ಅಂತ ಪ್ರತಿ ಡಬ್ಬಿಯ ಮೇಲೂ ಅಚ್ಚು ಹಾಕಬೇಕು. ಡಬ್ಬಿಯನ್ನು ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟರೆ ಸ್ಪ್ರೇ ನುಣ್ಣಗೆ ಬರುತ್ತದೆ. ಕುದಿಯುವ ನೀರು, ಒಲೆ ಎಲ್ಲ ಬೇಡ, ಅದು ಸಿಡಿಯುವ ವಸ್ತು. ತೇವ ಜಾಸ್ತಿ ಇರುವ ದಿನ ಹೊಡೆದರೆ ಬಣ್ಣದ ಮೇಲೆ ಬೆಳ್ಳಗೆ ಮಂಜು ಕೂರುತ್ತದೆ, ಅಂಥ ದಿನ ಸುಮ್ನೆ ಟೇಪ್ ಕತ್ತರಿಸುತ್ತಾ ಕೂರುವುದು ಒಳ್ಳೆಯದು.

ಇಷ್ಟೂ ಹೊತ್ತು ನಾವು ನೋಡುತ್ತಿರುವುದು ಬಣ್ಣದ ಬೆನ್ನನ್ನು. ಹೊರಮೈಗೆ ಕಂಪನಿಯವರೇ ಅಂಟಿಸಿದ ರಕ್ಷಣೆಯ ಹಾಳೆ ಇರುತ್ತದೆ, ಅದರ ಮೇಲೆ ಸ್ಪ್ರೇಯ ಧೂಳು. ಒಳಗೂ ಮಂಕು, ಹೊರಗೂ ಮಂಕು. ದುಡ್ಡು ನೀರಲ್ಲಿ ಹಾಕಿದೆವಾ ಅನ್ನಿಸುವಷ್ಟು ಮಂಕು. ಎಲ್ಲ ಒಣಗಿದ ಮೇಲೆ ಒಂದು ಮೂಲೆಯಲ್ಲಿ ಉಗುರು ಹಾಕಿ ಆ ಹಾಳೆಯನ್ನು ಎಳೆಯುತ್ತಾ ಹೋದರೆ, ಅದರ ಕೆಳಗಿಂದ ಆಗಷ್ಟೇ ಒದ್ದೆಯಾದಂಥ ಹೊಳಪು ಬಿಚ್ಚಿಕೊಳ್ಳುತ್ತದೆ. ಈ ಹವ್ಯಾಸದಲ್ಲಿ ಇದಕ್ಕಿಂತ ದೊಡ್ಡ ಸುಖ ಇಲ್ಲ, ಟ್ರಕ್ ಓಡಿಸುವುದೂ ಸೇರಿ. ಅದಕ್ಕೇ ಕೆಲವರು ಹಾಳೆ ಎಳೆಯುವ ಕೆಲಸವನ್ನು ಮನೆಯ ಮಕ್ಕಳಿಗೂ ಬಿಟ್ಟುಕೊಡುವುದಿಲ್ಲ.

ಗಟ್ಟಿ ಪ್ಲಾಸ್ಟಿಕ್ಕಿನ ಬಾಡಿಗಳದ್ದು ಬೇರೆ ಹಣೆಬರಹ. 1985ರ ಬ್ರೂಸರ್, 1987ರ ಕ್ಲಾಡ್ ಬಸ್ಟರ್ ತರಹದ ಟಾಮಿಯಾ ಟ್ರಕ್‌ಗಳು ಈ ಜಾತಿಯವು. ಇವು ಪಾರದರ್ಶಕ ಅಲ್ಲ, ಬಣ್ಣ ಹೊರಗೇ ಬೀಳಬೇಕು. ನುಣುಪಾದ ಸ್ಯಾಂಡ್‌ಪೇಪರ್‌ನಲ್ಲಿ ಹೊಳಪು ತೆಗೆದು, ತೊಳೆದು, ಪ್ರೈಮರ್ ಹಾಕಿ, ಬಣ್ಣ ಹೊಡೆದು, ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಕೊಟ್ಟರೂ ಒಂದು ಪಲ್ಟಿಗೆ ಚಾವಣಿಯ ಅಂಚು ಬಿಳಿಚಿಕೊಳ್ಳುತ್ತದೆ. ಎರಡು ಭಾಗ ಬೆರೆಸುವ ಕ್ಲಿಯರ್ ಇನ್ನೂ ಗಟ್ಟಿ, ನಿಜ. ಆದರೆ ಅದರ ಗಟ್ಟಿಕಾರಕದಲ್ಲಿ ಇರುವ ಐಸೊಸೈನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಸರಿಯಾದ ಮಾಸ್ಕ್ ಇಲ್ಲದವರು ಅದರ ತಂಟೆಗೆ ಹೋಗಬಾರದು. ಬುದ್ಧಿವಂತರು ಇಂಥ ಬಾಡಿಗೆ ಮೊದಲೇ ತುಕ್ಕಿನ ಬಣ್ಣ, ಕೆಸರಿನ ಬಣ್ಣ ಬಳಿದುಬಿಡುತ್ತಾರೆ. ಆಮೇಲೆ ಬೀಳುವ ಪ್ರತಿ ಗೀರೂ ಕಲೆಯ ಲೆಕ್ಕಕ್ಕೆ ಜಮಾ.

ಲೆಕ್ಸಾನ್‌ನಲ್ಲಿ ಇಷ್ಟೆಲ್ಲ ಸರಿಯಾಗಿ ಮಾಡಿದರೆ ಇನ್ನೊಂದು ಪೇಚಾಟ ಶುರುವಾಗುತ್ತದೆ: ಬಣ್ಣ ಗಟ್ಟಿಯಾಗಿ ಉಳಿದು ಬಾಡಿಯೇ ಮೊದಲು ಸೀಳುತ್ತದೆ. ಬಾಡಿಯನ್ನು ಹಿಡಿದಿಡುವ ಕಡ್ಡಿಗಳನ್ನು, ಅಂದರೆ ಬಾಡಿ ಪೋಸ್ಟ್‌ಗಳನ್ನು ತೂರಿಸುವ ತೂತುಗಳು, ಚಕ್ರದ ಕಮಾನುಗಳು, ಸಾಮಾನ್ಯವಾಗಿ ಇವೇ ಜಾಗ. ಅದಕ್ಕೆ ಗೋಡೆಯ ಬಿರುಕಿಗೆ ಅಂಟಿಸುವ ಫೈಬರ್ ಜಾಲರಿ ಟೇಪನ್ನು ಒಳಗೆ ಹಾಕಿ, ಮೇಲೆ ಶೂ ಗೂ ಎಂಬ ಚಪ್ಪಲಿ ರಿಪೇರಿಯ ಅಂಟನ್ನು ಬಳಿಯುವ ಪದ್ಧತಿ ಇದೆ. ನೋಡಲು ಅಸಹ್ಯ, ಆದರೆ ಒಳಗೆ ಯಾರು ಇಣುಕುತ್ತಾರೆ? ಪೇಂಟ್ ಪೂರ್ತಿ ಒಣಗುವ ಮೊದಲು ಮಾತ್ರ ಬಳಿಯಬೇಡಿ. ಆ ಅಂಟಿನಲ್ಲಿ ಟಾಲ್ಯೂಯಿನ್ ಎಂಬ ದ್ರಾವಕ ಇದೆ, ಅದು ಹಸಿ ಬಣ್ಣವನ್ನು ಕರಗಿಸಿದರೆ ಆ ಅವಾಂತರ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ.