ಸ್ಪಷ್ಟನೆ: ಉಬುಂಟು ಬೀಟಾದಿಂದ ವೈಫೈ ಕಾರ್ಡ್ ಸುಟ್ಟುಹೋಗುವುದಿಲ್ಲ

"ಉಬುಂಟು ಬೀಟಾ ಹಾಕಿದರೆ ವೈಫೈ ಕಾರ್ಡ್ ಸುಟ್ಟುಹೋಗುತ್ತದೆ, ಹಾರ್ಡ್‌ಡಿಸ್ಕೂ ಹಾಳಾಗುತ್ತದೆ" ಎಂಬ ಸಂದೇಶ ಮೈಸೂರಿನ ಕಾಲೇಜು ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಉಬುಂಟು ಅಂದರೆ ವಿಂಡೋಸ್ ಥರದ್ದೇ ಒಂದು ಆಪರೇಟಿಂಗ್ ಸಿಸ್ಟಮ್; ಬೀಟಾ ಅಂದರೆ ಪೂರ್ತಿ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ. ಸರಸ್ವತಿಪುರಂನ ಹುಡುಗನೊಬ್ಬ ಇದನ್ನು ನಂಬಿ ಹೊಸ ಕಾರ್ಡ್ ಕೊಳ್ಳಲು ಹೊರಟಿದ್ದ. ನೋಡಿದರೆ ಹಳೆಯ ಕಾರ್ಡ್ ಚೆನ್ನಾಗಿಯೇ ಇತ್ತು. ಹುಡುಗರ ದುಡ್ಡು ಹೀಗೆ ಹಾಳಾಗಬಾರದು ಅಂತಲೇ ಬರೆಯುತ್ತಿದ್ದೇನೆ.

ವೈಫೈ ಕಾಣದಿದ್ದರೆ ಸಾಮಾನ್ಯವಾಗಿ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಇರುವುದಿಲ್ಲ, ಅಷ್ಟೇ. ಬ್ರಾಡ್‌ಕಾಮ್ ಕಂಪನಿಯ ಕಾರ್ಡ್‌ಗಳಲ್ಲಿ ಈ ಕಾಟ ಜಾಸ್ತಿ. ಫೋನನ್ನು ಕೇಬಲ್‌ನಿಂದ ಜೋಡಿಸಿ, ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಕೊಡುವುದು) ಆನ್ ಮಾಡಿ, ಉಬುಂಟುವಿನ 'ಅಡಿಷನಲ್ ಡ್ರೈವರ್ಸ್' ತೆರೆದು ನೋಡಿ.

ಉಬುಂಟು ಹಾಕುವಾಗ ಡಿಸ್ಕ್ ಕಾಣದಿದ್ದರೆ ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆದ ತಕ್ಷಣ ಓಡುವ ಮೂಲ ತಂತ್ರಾಂಶ) ಇಂಟೆಲ್ ಆರ್‌ಎಸ್‌ಟಿ ಎಂಬ ಡಿಸ್ಕ್ ಸೆಟ್ಟಿಂಗ್ ಆನ್ ಇರಬಹುದು. ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ಸೆಟ್ಟಿಂಗ್‌ಗೆ ಬದಲಿಸಬೇಕು. ಆದರೆ ಸುಮ್ನೆ ಬದಲಿಸಬೇಡಿ, ವಿಂಡೋಸ್ ಶುರುವಾಗದೆ ನಿಂತುಬಿಡಬಹುದು. ಮೊದಲು ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ತೆರೆಯುವ ಕೀ ಬರೆದಿಟ್ಟುಕೊಳ್ಳಿ. ವಿಂಡೋಸ್ ಮುಂದಿನ ಸಲ ಸೇಫ್ ಮೋಡ್‌ನಲ್ಲಿ (ತೀರಾ ಬೇಕಾದ ಡ್ರೈವರ್‌ಗಳಷ್ಟೇ ಓಡುವ ಸ್ಥಿತಿ) ಏಳುವಂತೆ ಮಾಡಿ. ಆಮೇಲೆ ಬದಲಿಸಿ.

ಒಮ್ಮೆ ನಿಜವಾಗಿಯೂ ತೊಂದರೆ ಆಗಿತ್ತು, ಅದನ್ನು ಮುಚ್ಚಿಡಬಾರದು ಅಲ್ವಾ? 2017ರಲ್ಲಿ ಉಬುಂಟು 17.10 ಕೆಲವು ಲೆನೊವೊ ಲ್ಯಾಪ್‌ಟಾಪ್‌ಗಳ ಬಯಾಸ್ ಕೆಡಿಸಿತು. ಬದಲಿಸಿದ ಸೆಟ್ಟಿಂಗ್ ಉಳಿಯುತ್ತಿರಲಿಲ್ಲ. ಕಾರಣ ಬಯಾಸ್ ಇರುವ ಚಿಪ್ಪನ್ನು ಮುಟ್ಟುವ ಇಂಟೆಲ್ ಎಸ್‌ಪಿಐ ಡ್ರೈವರ್. ಡಿಸೆಂಬರ್‌ನಲ್ಲಿ ಡೌನ್‌ಲೋಡ್ ಹಿಂದಕ್ಕೆ ಪಡೆದರು, 2018ರ ಜನವರಿಯಲ್ಲಿ ಸರಿಪಡಿಸಿದ್ದನ್ನು ಕೊಟ್ಟರು. ಅದು ಬೀಟಾ ಅಲ್ಲ, ಪೂರ್ತಿ ಬಿಡುಗಡೆಯಾದ ಆವೃತ್ತಿ. ಅಲ್ಲೂ ಕೆಟ್ಟಿದ್ದು ಬಯಾಸ್, ವೈಫೈ ಕಾರ್ಡ್ ಅಲ್ಲ.

ಹಾಕುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಉಬುಂಟು ಓಡಿಸಿ ವೈಫೈ, ಸೌಂಡ್, ಟಚ್‌ಪ್ಯಾಡ್ ನೋಡಿಕೊಳ್ಳಿ. ಫೈಲ್‌ಗಳ ಬ್ಯಾಕಪ್ ಅಂತೂ ಬೇಕೇ ಬೇಕು.