ಕಳಚಿದ್ದನ್ನು ಗುಜರಿಗೆ ಹಾಕಬೇಡಿ

ಆಗಸ್ಟ್ ತಿಂಗಳ ಮೂರನೆಯ ಶನಿವಾರ ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂ ಹಳೆಯ ಕಾರುಗಳಿಂದ ತುಂಬಿಹೋಗುತ್ತದೆ. 1995ರಲ್ಲಿ ಶುರುವಾದ ಈ ಡ್ರೀಮ್ ಕ್ರೂಸ್ ನೋಡಲು ಜನ ಮಡಚುವ ಕುರ್ಚಿ ಹೊತ್ತುತಂದು, ದಸರಾ ಮೆರವಣಿಗೆಗೆ ನಾವು ಮೈಸೂರಿನಲ್ಲಿ ಜಾಗ ಹಿಡಿಯುತ್ತಿದ್ದಂತೆ, ಬೆಳಿಗ್ಗೆಯೇ ರಸ್ತೆಯಂಚಿನಲ್ಲಿ ಜಾಗ ಹಿಡಿದಿರುತ್ತಾರೆ. ಅಂಥ ಒಂದು ಶನಿವಾರ ಪೆಟ್ರೋಲ್ ಬಂಕ್ ಒಂದರಲ್ಲಿ ಒಂದೇ ಕಿತ್ತಳೆ ಬಣ್ಣದ ಎರಡು 1969ರ ಷೆವರ್ಲೆ ಕಮಾರೋ ಕಾರುಗಳು ಅಕ್ಕಪಕ್ಕ ನಿಂತಿದ್ದವು. ಒಂದರ ಎಂಜಿನ್ ಒಂದೇ ಸಮನೆ ಓಡಲೊಲ್ಲದೆ ಬಾನೆಟ್ಟನ್ನೇ ಅಲುಗಿಸುತ್ತಿತ್ತು. ಹಿಂದೆ ನಿಂತವರ ಕಣ್ಣು ಉರಿಯುವಷ್ಟು ಪೆಟ್ರೋಲ್ ವಾಸನೆ ಬರುತ್ತಿತ್ತು. ಇನ್ನೊಂದು ಗುಂಡಿ ಒತ್ತಿದೊಡನೆ ಚಾಲೂ ಆಗಿ, ಇಂದಿನ ಯಾವುದೇ ಕಾರಿನ ಹಾಗೆ ಸಮನಾಗಿ ಗುನುಗುತ್ತಿತ್ತು. ಮೊದಲನೆಯದು ಆ ಕಾಲದ ಡೀಲರೊಬ್ಬರ ಹೆಸರು ಹೊತ್ತ ಅಸಲಿ ಕಾರು. ಎರಡನೆಯದು ಹಳೆಯ ಮೈಯೊಳಗೆ ಹೊಸ ಎಂಜಿನ್, ಹೊಸ ಗೇರ್‌ಬಾಕ್ಸ್, ಹೊಸ ಬ್ರೇಕ್ ಕೂರಿಸಿದ್ದು. ಇಲ್ಲಿಯವರು ಅದನ್ನು ರೆಸ್ಟೋಮಾಡ್ ಎನ್ನುತ್ತಾರೆ.

ಬ್ರೇಕ್ ವಿನ್ಯಾಸವನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡು ಹದಿನೆಂಟು ವರ್ಷದಿಂದ ಮಿಷಿಗನ್‌ನಲ್ಲಿ ನೆಲೆಸಿರುವ ನಾನು ಎರಡನೆಯದರ ಪರ ಇರಬೇಕೆಂದು ಗೆಳೆಯರು ಭಾವಿಸುತ್ತಾರೆ. ಓಡಿಸಲು ಅದೇ ಒಳ್ಳೆಯ ಕಾರು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಎರಡರಲ್ಲಿ ಒಂದನ್ನು ಮಾತ್ರ ಮುಂದಿನವರಿಗೆ ಉಳಿಸಬಹುದು ಎಂದಾದರೆ ಮೊದಲನೆಯದನ್ನೇ ಉಳಿಸಿ ಎನ್ನುತ್ತೇನೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಅಸಲಿ ಎಂದರೆ ಯಾರೂ ಕೈಯಾಡಿಸದ್ದು, ರೆಸ್ಟೋಮಾಡ್ ಎಂದರೆ ಕೈಯಾಡಿಸಿ ಕೆಡಿಸಿದ್ದು ಎಂದು ಹಲವರು ನಂಬಿದ್ದಾರೆ. ಆದರೆ 1960ರ ದಶಕದ ಕೆಲವು ಡೀಲರುಗಳ ಕೆಲಸವೇ ಕೈಯಾಡಿಸುವುದಾಗಿತ್ತು. ವುಡ್‌ವರ್ಡ್ ಹಾದುಹೋಗುವ ರಾಯಲ್ ಓಕ್ ಊರಿನಲ್ಲಿದ್ದ ರಾಯಲ್ ಪಾಂಟಿಯಾಕ್ ಎಂಬ ಮಳಿಗೆ 'ಬಾಬ್‌ಕ್ಯಾಟ್' ಹೆಸರಿನಲ್ಲಿ ಮಾಡಿಕೊಡುತ್ತಿದ್ದ ಕೆಲಸವನ್ನು ನಮ್ಮೂರಿನ ಯಾವ ಮೆಕ್ಯಾನಿಕ್ಕಾದರೂ ಒಂದೇ ಮಾತಿಗೆ ಅರ್ಥಮಾಡಿಕೊಂಡಾನು: ತೆಳುವಾದ ಹೆಡ್ ಗ್ಯಾಸ್ಕೆಟ್ ಹಾಕಿ ಕಂಪ್ರೆಷನ್ ಏರಿಸುವುದು, ಕಾರ್ಬ್ಯುರೇಟರಿಗೆ ದೊಡ್ಡ ಜೆಟ್ ಕೂರಿಸುವುದು, ಡಿಸ್ಟ್ರಿಬ್ಯೂಟರಿನ ಟೈಮಿಂಗ್ ತಿದ್ದುವುದು. ಆ ಸಾಮಾನಿನ ಗಂಟನ್ನು ಅವರು ಅಂಚೆಯಲ್ಲೂ ಕಳಿಸುತ್ತಿದ್ದರು. ರೋಡ್ ಐಲ್ಯಾಂಡ್‌ನ ಟಾಸ್ಕಾ ಫೋರ್ಡ್ ಮಳಿಗೆಯವರು 1967ರಲ್ಲಿ ಒಂದು ಮಸ್ಟಾಂಗ್‌ಗೆ 428 ಘನ ಅಂಗುಲದ, ಅಂದರೆ ಸುಮಾರು 7 ಲೀಟರಿನ, ಎಂಜಿನ್ ಹೊಂದಿಸಿ ತೋರಿಸಿದ ಮೇಲೆ, ಮರುವರ್ಷ ಫೋರ್ಡ್ ಕಂಪನಿಯೇ 428 ಕೋಬ್ರಾ ಜೆಟ್ ಎಂಬ ಹೆಸರಿನಲ್ಲಿ ಅಂಥದ್ದನ್ನು ಮಾರಾಟಕ್ಕೆ ತಂದಿತು. ಮಳಿಗೆಯ ಗ್ಯಾರೇಜು ಕಂಪನಿಗೆ ಪಾಠ ಹೇಳಿದ ಕಾಲ ಅದು.

ಎಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದಿರುವುದು ಡಾನ್ ಯೆಂಕೋ ಅವರ ಕತೆ. ಪೆನ್ಸಿಲ್ವೇನಿಯಾದ ಕ್ಯಾನನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಷೆವರ್ಲೆ ಡೀಲರ್ ಆಗಿದ್ದ ಅವರು ಸ್ವತಃ ರೇಸ್ ಓಡಿಸುತ್ತಿದ್ದವರು. ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರನ್ನು ಬಿಟ್ಟರೆ ಮಧ್ಯಮ ಹಾಗೂ ಸಣ್ಣ ಕಾರುಗಳಿಗೆ 400 ಘನ ಅಂಗುಲಕ್ಕಿಂತ, ಅಂದರೆ ಸುಮಾರು 6.6 ಲೀಟರಿಗಿಂತ, ದೊಡ್ಡ ಎಂಜಿನ್ ಹಾಕಕೂಡದು ಎಂದು ಷೆವರ್ಲೆಯ ಒಡೆತನದ ಕಂಪನಿ ಜನರಲ್ ಮೋಟಾರ್ಸ್ ತನಗೆ ತಾನೇ ಕಟ್ಟಳೆ ಹಾಕಿಕೊಂಡಿತ್ತು. ಯೆಂಕೋ ಕಮಾರೋದ ಎಂಜಿನ್ ಇಳಿಸಿ, ಕಾರ್ವೆಟ್ಟಿಗೆ ಬರುತ್ತಿದ್ದ 427 ಘನ ಅಂಗುಲದ, 7 ಲೀಟರಿನ ಎಂಜಿನ್ ಕೂರಿಸಿ ಮಾರತೊಡಗಿದರು. ಒಂದೊಂದು ಕಾರಿಗೂ ಹೀಗೆ ಮಾಡುತ್ತ ಕೂರುವುದು ಕಷ್ಟವೆನಿಸಿದಾಗ, ಪೊಲೀಸ್ ಕಾರು, ಟ್ಯಾಕ್ಸಿಗಳಂಥ ವಿಶೇಷ ಬೇಡಿಕೆಗಳಿಗೆಂದೇ ಕಂಪನಿಯಲ್ಲಿದ್ದ ಕೋಪೋ ಎಂಬ ಕಚೇರಿ ಆದೇಶದ ದಾರಿ ಹಿಡಿದರು. ಹೀಗಾಗಿ 1969ರ ಯೆಂಕೋ ಕಮಾರೋಗಳಿಗೆ 427ರ ಎಂಜಿನ್ ಓಹಾಯೋದ ನಾರ್‌ವುಡ್ ಕಾರ್ಖಾನೆಯಲ್ಲೇ ಬಿತ್ತು. ಪಟ್ಟಿ, ಸ್ಟಿಕ್ಕರುಗಳು ಮಾತ್ರ ಕ್ಯಾನನ್ಸ್‌ಬರ್ಗಿನಲ್ಲಿ ಬಿದ್ದವು. ಆ ವರ್ಷ ತಯಾರಾದ ಸುಮಾರು 2 ಲಕ್ಷ 43 ಸಾವಿರ ಕಮಾರೋಗಳಲ್ಲಿ ಯೆಂಕೋ ಹೆಸರಿನವು 200ರ ಆಸುಪಾಸು. ಇದೇ ಕೋಪೋ ದಾರಿಯಲ್ಲಿ ಅಲ್ಯೂಮಿನಿಯಂ 427 ಎಂಜಿನ್ ಹೊತ್ತು ಬಂದ ಜೆಡ್‌ಎಲ್1 ಕಮಾರೋಗಳು 69 ಮಾತ್ರ.

ಒಂದು ಕಟ್ಟಳೆ, ಅದನ್ನು ದಾಟಲು ಒಬ್ಬ ಡೀಲರ್ ಹುಡುಕಿದ ದಾರಿ, ಆ ದಾರಿಗೆ ಕಂಪನಿಯ ಒಳಗಿನವರು ಕೊಟ್ಟ ಒಪ್ಪಿಗೆ: ಇವಿಷ್ಟೂ ಆ ಕಬ್ಬಿಣದಲ್ಲಿ ಇವತ್ತಿಗೂ ಕೂತಿವೆ. ಅಂಥ ಕಾರಿನ ಎಂಜಿನ್ ಇಳಿಸಿ ಹೊಸದನ್ನು ಹಾಕುವುದು ಶಾಸನದ ಕಲ್ಲನ್ನು ಹೊಸಿಲಿಗೆ ಬಳಸಿದಂತೆ ಎಂದು ನಾನು ಹೇಳಿದರೆ ಅದು ಅತಿಮಾತಲ್ಲ.

ಇನ್ನು ರೆಸ್ಟೋಮಾಡ್ ಪಕ್ಷದ ನ್ಯಾಯವನ್ನೂ ಹೇಳಲೇಬೇಕು. 1969ರ ಯೆಂಕೋ ಕಮಾರೋದ 427 ಎಂಜಿನ್ನಿಗೆ ಕಂಪನಿ ಬರೆದುಕೊಟ್ಟ ಶಕ್ತಿ 425 ಅಶ್ವಶಕ್ತಿ. ಇಂದು ಹಳೆಯ ಕಾರುಗಳಿಗೆ ಹೆಚ್ಚಾಗಿ ಕೂರಿಸುವ ಎಲ್‌ಎಸ್3 ಎಂಬ 6.2 ಲೀಟರ್ ಎಂಜಿನ್ 2008ರ ಕಾರ್ವೆಟ್ಟಿನಲ್ಲಿ ಕೊಟ್ಟದ್ದು 430. ಎರಡೂ ಒಂದೇ ಎಂದು ಓದಿಕೊಳ್ಳಬಾರದು. 1972ಕ್ಕೆ ಮುಂಚಿನ ಅಂಕಿಗಳು ಸೈಲೆನ್ಸರ್, ಆಲ್ಟರ್ನೇಟರ್ ಮುಂತಾದ ಹೊರೆಗಳಿಲ್ಲದೆ ಎಂಜಿನ್ನನ್ನು ಬೆಂಚಿನ ಮೇಲೆ ಓಡಿಸಿ ಅಳೆದವು, ಈಗಿನವು ಆ ಹೊರೆಗಳ ಸಮೇತ ಅಳೆದವು. ಹೊಸ ಎಂಜಿನ್ ಅಲ್ಯೂಮಿನಿಯಂನದ್ದಾದ್ದರಿಂದ ಕಾರಿನ ಮೂಗಿನ ಭಾರವೂ ಇಳಿಯುತ್ತದೆ. ಬ್ರೇಕಿನ ಮಾತಿಗೆ ಬಂದರೆ, ಮುಂದೆ ಡಿಸ್ಕ್, ಹಿಂದೆ ಡ್ರಮ್, ನಾಲ್ಕಕ್ಕೂ ಆ ಕಾಲದ ಕಿರಿದಾದ ಟೈರ್ ಇರುವ ಅಸಲಿ ಕಾರನ್ನು ವೇಗದಿಂದ ಒಮ್ಮೆ ನಿಲ್ಲಿಸಬಹುದು. ಬೆನ್ನಲ್ಲೇ ಇನ್ನೆರಡು ಸಲ ನಿಲ್ಲಿಸಬೇಕಾಗಿ ಬಂದರೆ ಪೆಡಲ್ ಕಾಲಿನ ಕೆಳಗೆ ಉದ್ದವಾಗುತ್ತ ಹೋಗುವುದು ತಿಳಿಯುತ್ತದೆ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ದಿನವೂ ಓಡಿಸುವುದಾದರೆ ರೆಸ್ಟೋಮಾಡನ್ನೇ ಕೊಳ್ಳಿ ಎಂದು ನಾನೇ ಹೇಳುತ್ತೇನೆ.

ಅದಕ್ಕೆ ಬೇಕಾದ ಮೈ ಧಾರಾಳವಾಗಿ ಸಿಗುತ್ತದೆ. ಎಂಜಿನ್ ಎಂದೋ ಕಳೆದುಹೋದ, ನೆಲ ತುಕ್ಕು ತಿಂದ ಸಾಧಾರಣ ಕಮಾರೋಗಳು ಎಷ್ಟೋ ಇವೆ. ಪೂರ್ತಿ ಮೈಯನ್ನೇ ಹೊಸ ತಗಡಿನಲ್ಲಿ ಒತ್ತಿ ಮಾರುವವರೂ ಇದ್ದಾರೆ. ಹೀಗಿರುವಾಗ ಅಸಲಿಗೆ ಗರಗಸ ಇಡುವುದಕ್ಕೆ ಯಾವ ಕಾರಣವೂ ಇಲ್ಲ.

ನನ್ನನ್ನು ನಿಜವಾಗಿ ನೋಯಿಸುವುದು ಎರಡರ ನಡುವಿನ ಸುಳ್ಳು. ಹಾಸನದ ಕಡೆಯ ನನ್ನ ಗೆಳೆಯನೊಬ್ಬ ವರ್ಷಗಟ್ಟಲೆ ಹಣ ಕೂಡಿಟ್ಟು, ಅಸಲಿ ಕೋಪೋ ಎಂದು ಮಾರಾಟಕ್ಕಿದ್ದ ಕಾರೊಂದನ್ನು ಕೊಂಡ. 1969ರ ಕಮಾರೋದ ಚಾಸಿ ನಂಬರು ಅದು ಆರು ಸಿಲಿಂಡರಿನದೋ ಎಂಟು ಸಿಲಿಂಡರಿನ ವಿ8 ಎಂಜಿನಿನದೋ ಎಂದು ಮಾತ್ರ ಹೇಳುತ್ತದೆ. ಯಾವ ವಿ8 ಎಂದು ಹೇಳುವುದಿಲ್ಲ. ಮೋಸಕ್ಕೆ ಜಾಗ ಇರುವುದು ಅಲ್ಲಿಯೇ. ಗೆಳೆಯನ ಗ್ಯಾರೇಜಿನಲ್ಲಿ ತಿಳಿದವರೊಬ್ಬರು ಬಂದು, ಎಂಜಿನ್ನಿನ ಬಲ ಮುಂಭಾಗದಲ್ಲಿ ಅಂಕಿ ಒತ್ತಿರುವ ಬೆರಳಗಲದ ಪಟ್ಟಿಯ ಗ್ರೀಸನ್ನು ಬಟ್ಟೆಯಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದರು. ಕಾರ್ಖಾನೆಯಲ್ಲಿ ಆ ಮೇಲ್ಮೈಯನ್ನು ಕೆತ್ತುವಾಗ ಕೂದಲೆಳೆಯಂಥ ಗೆರೆಗಳು ಒಂದೇ ದಿಕ್ಕಿಗೆ ಸಾಲಾಗಿ ಉಳಿದಿರುತ್ತವೆ. ಅಲ್ಲಿ ಗೆರೆಗಳಿರಲಿಲ್ಲ, ಉಜ್ಜುಗಲ್ಲಿನ ಸುರುಳಿ ಗುರುತುಗಳ ಮೇಲೆ ಹೊಸದಾಗಿ ಒತ್ತಿದ ಚೂಪು ಅಂಕಿಗಳಿದ್ದವು. ಬಂದವರು ಏನೂ ಹೇಳದೆ ಟಾರ್ಚನ್ನು ಗೆಳೆಯನ ಕೈಗೆ ಕೊಟ್ಟರು. ಅವನೂ ನೋಡಿದ, ನಾನೂ ನೋಡಿದೆ.

ಆ ಸಂಜೆ ನನಗೆ ನೆನಪಾದದ್ದು ನಮ್ಮ ಸೋದರಮಾವ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೂ ಅಲ್ಲಿ ದುಡಿದವರು. ಕಿಕ್ಕರ್ರೇ ಗೇರ್ ಲಿವರ್ ಕೂಡ ಆಗಿರುವ ಅವರ ಹಳೆಯ ಜಾವಾವನ್ನು ನಾನು ಕಾಲೇಜಿಗೆ ಓಡಿಸುತ್ತಿದ್ದಾಗ, 6 ವೋಲ್ಟಿನ ಮಿಣುಕು ದೀಪದಲ್ಲಿ ರಾತ್ರಿ ರಸ್ತೆ ಕಾಣುವುದಿಲ್ಲವೆಂದು 12 ವೋಲ್ಟಿಗೆ ಬದಲಿಸಲು ಅಪ್ಪಣೆ ಕೇಳಿದ್ದೆ. "ಹಾಕಿಸ್ಕೋ, ಬೇಡ ಅನ್ನಲ್ಲ. ಕಳಚಿದ್ದನ್ನ ಮಾತ್ರ ಗುಜರಿಗೆ ಹಾಕ್ಬೇಡ ಕಣೋ. ಎಲ್ಲಾ ಒಂದು ಡಬ್ಬಿಗೆ ಹಾಕಿಡು" ಎಂದರು. ಭಾರತದಲ್ಲಿ 2021ರಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ ಬಂದಿದೆ. ಮಾವನ ಡಬ್ಬಿಯ ಬೆಲೆ ಈಗ ಕಾಗದದ ಮೇಲೂ ಸಿದ್ಧವಾದಂತಾಗಿದೆ. ಬೆಸುಗೆ, ಗರಗಸಗಳಿಲ್ಲದೆ ನಟ್ಟು ಬೋಲ್ಟುಗಳಲ್ಲಿ ಮುಗಿಯುವ ಬದಲಾವಣೆ ಮಾಡಿ, ಕಳಚಿದ್ದನ್ನು ಜೋಪಾನವಾಗಿಟ್ಟು, ಮಾಡಿದ್ದನ್ನು ಬರೆದಿಡುವುದಾದರೆ ಅಮೆರಿಕದ ಅಸಲಿ ಕಾರುಗಳ ವಿಷಯದಲ್ಲೂ ನನ್ನ ತಕರಾರು ಮುಕ್ಕಾಲು ಪಾಲು ಇಲ್ಲವಾಗುತ್ತದೆ.

ಗೆಳೆಯ ಕಾರನ್ನು ಮುಂದೆ ದಾಟಿಸಲಿಲ್ಲ. ಸುಳ್ಳು ಅಂಕಿಯ ಎಂಜಿನ್ನನ್ನು ಇಳಿಸಿ, ಸ್ಟಿಕ್ಕರುಗಳನ್ನು ಬಿಸಿಗಾಳಿ ಹಿಡಿದು ಕಿತ್ತು, ಅದನ್ನು ಪ್ರಾಮಾಣಿಕವಾದ ರೆಸ್ಟೋಮಾಡ್ ಮಾಡುತ್ತಿದ್ದಾನೆ. ಡಿಕ್ಕಿಯ ಬಾಗಿಲ ಒಳಮೈಗೆ ಒಂದು ಅಲ್ಯೂಮಿನಿಯಂ ತಗಡು ಬಡಿದು, ಯಾವ ಭಾಗ ಎಂದು ಬದಲಾಯಿತು, ಯಾರು ಬದಲಾಯಿಸಿದರು ಎಂಬುದನ್ನು ಅದರ ಮೇಲೆ ಸಾಲಾಗಿ ಕೊರೆಸುತ್ತಿದ್ದಾನೆ. ಹೋದ ಭಾನುವಾರ ಮುಂದಿನ ಹಿಂದಿನ ಬ್ರೇಕುಗಳ ಒತ್ತಡ ಹೊಂದಿಸಿಕೊಟ್ಟದ್ದು ನಾನು. ಹನ್ನೊಂದನೆಯ ಸಾಲಿನಲ್ಲಿ ನನ್ನ ಹೆಸರಿದೆ.