ಪಪ್ಪಾ, ಮತ್ತ ನಿಂತದ!

ಪೂರ್ತಿ ಕೆಟ್ಟ ವಸ್ತುಗಳ ಮೇಲೆ ನನಗೆ ಗೌರವ ಜಾಸ್ತಿ. ಮಿಕ್ಸರ್ ಸುಟ್ಟರೆ ವಾಸನೆ ಬರುತ್ತದೆ. ಬೈಕ್ ಕೆಟ್ಟರೆ ತಳ್ಳಿಕೊಂಡು ಹೋಗುತ್ತೇವೆ, ದಾರಿಯಲ್ಲಿ ನಾಲ್ಕು ಜನ ಕೇಳುತ್ತಾರೆ, ಮರುಗುತ್ತಾರೆ. ನಮ್ಮ ಮನೆಯ ಗೇಮಿಂಗ್ ಕಂಪ್ಯೂಟರಿಗೆ ಅಷ್ಟು ನಿಯತ್ತು ಇರಲಿಲ್ಲ. ನಡೆಯುತ್ತ ನಡೆಯುತ್ತ ನಾಲ್ಕೈದು ಸೆಕೆಂಡ್ ನಿಲ್ಲುತ್ತಿತ್ತು. ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮುಂದೆ ಹೋಗುತ್ತಿತ್ತು. ದಿನಕ್ಕೆ ಮೂರು ಸಲ, ಒಮ್ಮೊಮ್ಮೆ ಆರು ಸಲ.

ಮಗ ಹತ್ತನೇ ಕ್ಲಾಸ್ ಪರೀಕ್ಷೆ ಮುಗಿಸಿದ್ದ. ಕೊಟ್ಟ ಮಾತಿನಂತೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಹೊಸ ಕಂಪ್ಯೂಟರ್ ಕೊಡಿಸಿದ್ದೆ. ಕಲಬುರಗಿಯ ಮೇ ತಿಂಗಳು, ಹೊರಗೆ 43 ಡಿಗ್ರಿ. ಹೊರಗೆ ಹೋಗಿ ಆಡು ಅಂತ ಹೇಳುವ ಬಾಯಿ ಯಾವ ಅಪ್ಪನಿಗೂ ಇರುವುದಿಲ್ಲ. ಅವನು ಗನ್ ಹಿಡಿದು ಯಾರನ್ನೋ ಹುಡುಕುತ್ತಾ ಗಂಟೆಗಟ್ಟಲೆ ಅಲೆಯುತ್ತಿದ್ದ. ಕೊನೆಗೂ ಒಬ್ಬ ಸಿಗುತ್ತಿದ್ದ. ಇವನು ಹೊಡೆಯುತ್ತಿದ್ದ. ಅಷ್ಟರಲ್ಲಿ ಪರದೆ ನಿಂತೇ ಬಿಡುತ್ತಿತ್ತು. ಬಿದ್ದವನ ಕಾಲು ಅರ್ಧ ಗಾಳಿಯಲ್ಲಿ, ಹೊಗೆ ಗೋಡೆಗೆ ಅಂಟಿಕೊಂಡ ಹಾಗೆ, ಸದ್ದು ಮಾತ್ರ ಹಳೇ ಕ್ಯಾಸೆಟ್ ಸಿಕ್ಕಿಕೊಂಡಂತೆ ಗರ್ರ್ರ್ ಅಂತ ಒಂದೇ ಕಡೆ. ಮತ್ತೆ ನಡೆಯುವ ಹೊತ್ತಿಗೆ ಬೇರೆ ಯಾರೋ ಬಂದು ನಮ್ಮವನನ್ನು ಹೊಡೆದು ಹೋಗಿರುತ್ತಿದ್ದರು.

'ಪಪ್ಪಾ, ಮತ್ತ ನಿಂತದ!'

ನಾನು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತಿತ್ತು. ಮೊದಲ ಒಂದು ವಾರ ನಾನು ಮಗನನ್ನು ನಂಬಲೇ ಇಲ್ಲ. ಸೋತವರೆಲ್ಲ ಪಿಚ್ ಸರಿ ಇಲ್ಲ ಅಂತಾರೆ, ಅಲ್ವಾ?

ಅವ್ವ ಮಾತ್ರ ಮೊದಲ ದಿನವೇ ನಂಬಿದಳು. ಕಾರಣವನ್ನೂ ಹೇಳಿದಳು. 'ನೆದರು ಹತ್ಯಾದ. ಬಣ್ಣ ಬಣ್ಣದ ಲೈಟ್ ಹಚ್ಚಿ ಬಾಗಿಲಾ ತೆರೆದಿಟ್ರ ಇನ್ನೇನಾಗ್ತದ?' ಕ್ಯಾಬಿನೆಟ್ಟಿನೊಳಗೆ ಮೂರು ಫ್ಯಾನು, ಮೂರಕ್ಕೂ ಬಣ್ಣದ ದೀಪ. ರಸ್ತೆಯಿಂದ ನೋಡಿದರೆ ನಮ್ಮ ಮನೆಯಲ್ಲಿ ವರ್ಷಪೂರ್ತಿ ಜಾತ್ರೆ. ಅವ್ವ ಉಪ್ಪು, ಮೆಣಸಿನಕಾಯಿ ಇಳಿಸಿ ತೆಗೆದಳು. ಹೊಗೆಗೆ ನಾವೆಲ್ಲ ಕೆಮ್ಮಿದೆವು. ಕಂಪ್ಯೂಟರ್ ಕೆಮ್ಮಲಿಲ್ಲ, ಆದರೆ ಸಂಜೆ ಮತ್ತೆ ನಿಂತಿತು.

ಹೆಂಡತಿಯ ಪ್ರಕಾರ ಇದೆಲ್ಲ ಪಕ್ಕದ ಗಿರಣಿಯ ಪ್ರತಾಪ. ನಮ್ಮ ಕಿಟಕಿಗೂ ಗಿರಣಿಗೂ ಹತ್ತು ಅಡಿ ದೂರ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಹೆಸರು ಬರೆಯಬಹುದು. ಇದು ನನಗೂ ಹೌದೆನಿಸಿತು. ಒಂದು ಭಾನುವಾರ ಕ್ಯಾಬಿನೆಟ್ಟನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಆಟೊ ಹತ್ತಿದೆ. ಜಗತ್ ಸರ್ಕಲ್ ದಾಟುವಾಗ ಒಂದೊಂದು ತಗ್ಗಿಗೂ ನನ್ನ ಎದೆ ಝಲ್ ಅಂದದ್ದು ಆಟೊದವನಿಗೆ ಗೊತ್ತಾಗಲಿಲ್ಲ.

ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿ. ಹುಡುಗ ಕೇಳಿದ: 'ಏನಾಗ್ಯಾದ್ರಿ? ಚಾಲೂ ಆಗಲ್ಲೇನು?'

'ಆಗ್ತದ. ನಡುನಡು ನಿಲ್ತದ.'

'ಎಷ್ಟೊತ್ತು?'

'ನಾಲ್ಕೈದು ಸೆಕೆಂಡ್.'

ಬಿಕ್ಕಳಿಕೆ ಬಂತು ಅಂತ ಆಸ್ಪತ್ರೆಗೆ ಬಂದವನನ್ನು ನೋಡುವ ಹಾಗೆ ನನ್ನನ್ನು ನೋಡಿದ. ಆಮೇಲೆ ಬದಿಯ ಗಾಜು ಬಿಚ್ಚಿದ. ಒಳಗೆ ಫ್ಯಾನಿನ ರೆಕ್ಕೆ, ತಂತಿ, ಕಾರ್ಡು ಎಲ್ಲದರ ಮೇಲೂ ಮೆತ್ತಗೆ ಬಿಳಿ ಹಿಟ್ಟು. ಬೆರಳಲ್ಲಿ ಒರೆಸಿ, ಮೂಸಿ ನೋಡಿ, 'ಜೋಳದ್ದು ಅದರಿ. ಎರಡು ರೊಟ್ಟಿ ಆಗ್ತಾವ' ಅಂದ. ಬ್ಲೋವರ್ ಹಿಡಿದ. ಅಂಗಡಿ ತುಂಬಾ ಗಿರಣಿ ವಾಸನೆ. ರ‍್ಯಾಮ್ ಕಿತ್ತು, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿದ. ಪ್ರೊಸೆಸರ್ ಮೇಲೆ ಹೊಸ ಪೇಸ್ಟ್ ಹಚ್ಚಿದ. ಒಂದು ಕಾರಿನ ಆಟ ಹಾಕಿ ಹದಿನೈದು ನಿಮಿಷ ಓಡಿಸಿದ. ಎಲ್ಲಿ ನಿಲ್ಲುತ್ತದೆ? ಡಾಕ್ಟರ ಮುಂದೆ ಕೂತ ಹಲ್ಲುನೋವಿನ ಹಾಗೆ ಮಾಯ.

'ಫಾರ್ಮ್ಯಾಟ್ ಹೊಡೀಬೇಕ್ರಿ' ಅಂದ.

ಹಳ್ಳಿ ಆಸ್ಪತ್ರೆಯಲ್ಲಿ ಗ್ಲುಕೋಸ್ ಬಾಟಲಿ ಹೇಗೋ, ಕಂಪ್ಯೂಟರ್ ಅಂಗಡಿಯಲ್ಲಿ ಫಾರ್ಮ್ಯಾಟ್ ಹಾಗೆ. ಒಳಗಿದ್ದದ್ದೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ಯಾವ ರೋಗಕ್ಕಾದರೂ ಒಂದು ಹಾಕಿದರೆ ರೋಗಿಗೆ ಸಮಾಧಾನ. ಹೊಡಿಯಪ್ಪ, ಆದರೆ ಡಿ ಡ್ರೈವ್ ಮುಟ್ಟಬೇಡ ಅಂತ ಮೂರು ಸಲ ಹೇಳಿದೆ. ಹಳೇ ಕಂಪ್ಯೂಟರಿನ 1 ಟಿಬಿ ಹಾರ್ಡ್ ಡಿಸ್ಕ್ ಅದು. ಎಸೆಯಲು ಮನಸ್ಸಾಗದೆ ಹೊಸದರಲ್ಲೂ ಹಾಕಿಸಿದ್ದೆ. ಅದರಲ್ಲಿ ನಮ್ಮ ಗೃಹಪ್ರವೇಶದ ವಿಡಿಯೊ, ಮಗನ ಜವಳದ ಫೋಟೊ, ಇನ್ನೂ ಏನೇನೋ ಇದೆ. ನೋಡಿ ವರ್ಷಗಳಾಗಿದ್ದವು. ಆದರೂ ಇರಬೇಕಲ್ಲ. ಐದು ನೂರು ರೂಪಾಯಿ ಕೊಟ್ಟು, ಮತ್ತೆ ಕೂಸನ್ನು ಸುತ್ತಿಕೊಂಡು ಮನೆಗೆ ಬಂದೆ.

ರಾತ್ರಿ 8.42ಕ್ಕೆ ಒಳಗಿನಿಂದ ಕೂಗು: 'ಪಪ್ಪಾ, ಮತ್ತ ನಿಂತದ!'

ಅವತ್ತು ನಾನೇ ಪತ್ತೇದಾರನಾದೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ನಿಂತ ಸಮಯಗಳನ್ನೆಲ್ಲ ಬರೆಯತೊಡಗಿದೆ. ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ಅಂತ ಒಂದು ಇದೆ. ಕಂಪ್ಯೂಟರಿನ ದಿನಚರಿ. ಯಾವ ಹೊತ್ತಿಗೆ ಏನು ಕೆಟ್ಟಿತು ಅಂತ ಅದು ತಾನೇ ಬರೆದಿಟ್ಟುಕೊಳ್ಳುತ್ತದೆ. ತೆಗೆದು ನೋಡಿದರೆ ಎದೆ ಒಡೆಯಿತು. ಸಾಲು ಸಾಲು ಕೆಂಪು ಗುರುತು, ಹಳದಿ ಗುರುತು. 10016 ಅನ್ನುವ ನಂಬರ್ ಅಂತೂ ಪುಟ ತುಂಬಾ. ಇಷ್ಟು ರೋಗ ಇಟ್ಟುಕೊಂಡು ಇದು ಬದುಕಿರುವುದೇ ದೊಡ್ಡದು ಅನಿಸಿತು. ರಾತ್ರಿ ಒಂದರವರೆಗೆ ಓದಿದ ಮೇಲೆ ತಿಳಿದದ್ದು: 10016ಕ್ಕೆ ತಲೆ ಕೆಡಿಸಿಕೊಳ್ಳಬೇಡಿ ಅಂತ ಮೈಕ್ರೋಸಾಫ್ಟ್‌ನವರೇ ಹೇಳಿದ್ದಾರೆ! ನನಗೆ ಬೇಕಾಗಿದ್ದ 8.42ರ ಎದುರು ಮಾತ್ರ ಒಂದು ಅಕ್ಷರವೂ ಇಲ್ಲ. ಕಳ್ಳತನ ಆದ ರಾತ್ರಿಯೇ ಕಾವಲುಗಾರ ರಜೆ.

ಹಾಗಾದರೆ ಇದು ಬಿಸಿಲಿನ ಕಾಟವೇ ಇರಬೇಕು. ಉಷ್ಣತೆ ತೋರಿಸುವ ಒಂದು ಸಾಫ್ಟ್‌ವೇರ್ ಹಾಕಿದೆ. ಪ್ರೊಸೆಸರ್ 84 ಡಿಗ್ರಿ. ಊರಿಗೆ 43, ಅದಕ್ಕೆ ಸರಿಯಾಗಿ ಎರಡರಷ್ಟಕ್ಕೆ ಎರಡೇ ಡಿಗ್ರಿ ಕಮ್ಮಿ. ಏರ್ ಕೂಲರಿನ ಮುಖವನ್ನು ಕಂಪ್ಯೂಟರ್ ಕಡೆ ತಿರುಗಿಸಿದೆ. ಮೂರು ದಿನ ಮನೆಯವರೆಲ್ಲ ಬೆವರಿದರು, ಕಂಪ್ಯೂಟರ್ ತಣ್ಣಗೆ ಕೂತು ತಣ್ಣಗೇ ನಿಲ್ಲುತ್ತಿತ್ತು. ಬಿಸಿ ಜಾಸ್ತಿಯಾದರೆ ಪ್ರೊಸೆಸರ್ ತನ್ನ ವೇಗ ಇಳಿಸಿಕೊಳ್ಳುತ್ತದೆ, ಆಟ ಕುಂಟುತ್ತದೆ. ಹೀಗೆ ಒಂದೇ ಸಲ ಕಲ್ಲಾಗಿ ನಿಂತು, ಮತ್ತೆ ಜೀವ ಬರುವ ಜಾತಿ ಬೇರೆ. ಇದು ತಿಳಿಯುವಷ್ಟರಲ್ಲಿ ಅವ್ವನ ಮೈಮೇಲೆ ಬೆವರುಸಾಲೆ ಎದ್ದಿತ್ತು.

ಬೆಂಗಳೂರಿನಲ್ಲಿರುವ ಹೆಂಡತಿಯ ತಮ್ಮನಿಗೆ ಫೋನ್ ಮಾಡಿದೆ. ಅವನು ಸಾಫ್ಟ್‌ವೇರ್ ಮನುಷ್ಯ. 'ಮಾಮಾ, ಯಾವ ಪ್ರೊಸೆಸರ್? ರೈಜನ್ ಅದನ? ಹಂಗಾರ ಖರೇ ಅದೇ!' ಅಂದ. 2022ರಲ್ಲಿ ಎಎಂಡಿ ಕಂಪನಿಯೇ ಒಪ್ಪಿಕೊಂಡ ಸಂಗತಿಯಂತೆ. ಕೆಲವು ರೈಜನ್ ಕಂಪ್ಯೂಟರುಗಳಲ್ಲಿ ಎಫ್‌ಟಿಪಿಎಂ ಅನ್ನುವ ಭದ್ರತೆಯ ವ್ಯವಸ್ಥೆ ನಡುನಡುವೆ ಮದರ್‌ಬೋರ್ಡಿನ ಚಿಪ್ ಜೊತೆ ಮಾತಿಗೆ ಕೂರುತ್ತದೆ, ಆ ಮಾತು ಮುಗಿಯುವವರೆಗೆ ಇಡೀ ಕಂಪ್ಯೂಟರ್ ಕಾಯುತ್ತದೆ. ಬಯಾಸ್, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಮದರ್‌ಬೋರ್ಡಿನ ಮೂಲ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿದರೆ ಹೋಗುತ್ತದೆ. ನಮ್ಮದು ಅದೇ ತಳಿಯ ಹಳೇ ಬೋರ್ಡ್.

ಬಯಾಸ್ ಅಪ್‌ಡೇಟ್ ಅಂದರೆ ಐದು ನಿಮಿಷದ ಕೆಲಸ. ಆದರೆ ಆ ಐದು ನಿಮಿಷದಲ್ಲಿ ಕರೆಂಟ್ ಹೋದರೆ ಮದರ್‌ಬೋರ್ಡ್ ಶಹಾಬಾದ್ ಕಲ್ಲಾಗುತ್ತದೆ, ನೆಲಕ್ಕೆ ಹಾಕಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ. ಮೇ ತಿಂಗಳಲ್ಲಿ, ಗಿರಣಿಯ ಲೈನಿನಲ್ಲೇ ಇರುವ ಮನೆಯಲ್ಲಿ ಮಾಡಿ ನೋಡಬೇಕು. ಪಕ್ಕದ ಮನೆಯಿಂದ ಯುಪಿಎಸ್ ಎರವಲು ತಂದೆ. ಬೆಳಗಿನ ಐದು ಗಂಟೆ ಗೊತ್ತುಮಾಡಿದೆ. ಆ ಹೊತ್ತಿಗೆ ಗಿರಣಿ ಮುಚ್ಚಿರುತ್ತದೆ. ಮಿಕ್ಸರ್, ಮೋಟಾರ್ ಯಾವುದಕ್ಕೂ ಕೈ ಹಚ್ಚಬಾರದು ಅಂತ ಮನೆಯಲ್ಲಿ ಕಟ್ಟಪ್ಪಣೆ. ಪರದೆಯ ಮೇಲೆ ಗೆರೆ ನಿಧಾನಕ್ಕೆ ತುಂಬುತ್ತಿತ್ತು. 40, 55, 70. ಅವ್ವ ಎದ್ದು ಬಂದು, ನಾನು ಕೈಮುಗಿದು ಕೂತಿದ್ದನ್ನು ನೋಡಿ, ತಾನೂ ಕೈಮುಗಿದು, 'ಯಪ್ಪಾ ಶರಣಬಸಪ್ಪಾ' ಅಂದಳು. ಯಾಕೆ ಅಂತ ಅವಳು ಕೇಳಲಿಲ್ಲ. 100 ಆಯಿತು. ಕಂಪ್ಯೂಟರ್ ಎದ್ದಿತು. ಶರಣಬಸವೇಶ್ವರರ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದೆ.

ಸಂಜೆ ಏಳಕ್ಕೆ ಮತ್ತೆ ನಿಂತಿತು.

ನಡುವೆ ಒಂದು ರಾತ್ರಿಯಿಡೀ ರ‍್ಯಾಮ್ ಪರೀಕ್ಷೆ ನಡೆಸಿದ್ದೂ ಉಂಟು. ನಾಲ್ಕು ಸುತ್ತು, ಒಂದೂ ತಪ್ಪಿಲ್ಲ. ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಅಷ್ಟು ಚೆಂದ ಪಾಸಾದದ್ದು ಅದೊಂದೇ.

ಎಲ್ಲಕ್ಕಿಂತ ಉರಿಸಿದ್ದು ಎದುರು ಮನೆಯ ಹುಡುಗ. ಮಗನ ಗೆಳೆಯ, ಆಟದಲ್ಲಿ ಭಾರಿ ಚುರುಕು. ಬಂದು ಅದೇ ಕುರ್ಚಿಯಲ್ಲಿ ಕೂತು ಎರಡು ಗಂಟೆ ಆಡಿದ. ಎರಡು ನಿಮಿಷಕ್ಕೊಬ್ಬನನ್ನು ಕೆಡವಿದ. ಒಮ್ಮೆಯೂ ನಿಲ್ಲಲಿಲ್ಲ. 'ಅಂಕಲ್, ಕಂಪ್ಯೂಟರ್ ಮಸ್ತ್ ಅದ' ಅಂದು, ಅವ್ವ ಕೊಟ್ಟ ಮಾವಿನಹಣ್ಣು ತಿಂದು ಹೋದ. ಅವನು ಹೊಸ್ತಿಲು ದಾಟಿ ಅರ್ಧ ಗಂಟೆ ಆಗಿರಲಿಲ್ಲ, ಮಗ ಹೇಗೋ ಒಬ್ಬನನ್ನು ಹೊಡೆದ. ನಿಂತಿತು. ಮಗನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. 'ಅದಕ್ಕ ನಾನಂದ್ರ ಆಗಲ್ಲ ಪಪ್ಪಾ' ಅಂದ.

ಉತ್ತರ ಸಿಕ್ಕಿದ್ದು ನೀರಿಲ್ಲದ ದಿನ. ಅವತ್ತು ನಳ ಬಂದಿರಲಿಲ್ಲ. ಕೂಲರಿನ ಟ್ಯಾಂಕ್ ಒಣಗಿತ್ತು. ಬರೀ ಬಿಸಿಗಾಳಿ, ಮೇಲೆ ಹೆಲಿಕಾಪ್ಟರ್ ಸದ್ದು ಅಂತ ಹೆಂಡತಿ ಅದನ್ನು ಬಂದ್ ಮಾಡಿದಳು. ತಿಂಗಳಿನಿಂದ ಮೊದಲ ಬಾರಿ ಆ ಕೋಣೆಯಲ್ಲಿ ನಿಶ್ಶಬ್ದ. ನಾನು ಮಗನ ಕುರ್ಚಿಯ ಹಿಂದೆ ಟವೆಲ್ಲಿನಿಂದ ಗಾಳಿ ಹಾಕಿಕೊಳ್ಳುತ್ತಾ ನಿಂತಿದ್ದೆ. ಮಗ ಗುರಿ ಹಿಡಿದ. ಹೊಡೆದ. ಪರದೆ ನಿಂತಿತು. ಆಗ ಪೆಟ್ಟಿಗೆಯ ಕೆಳಗಿನ ಮೂಲೆಯಿಂದ ಸಣ್ಣಗೆ 'ಟಿಕ್' ಅಂತ ಒಂದು ಸದ್ದು. ಅದರ ಹಿಂದೆಯೇ ಗುಂಯ್... ಅಂತ ಏರುತ್ತಾ ಹೋದ ದನಿ. ಆ ದನಿ ಏರಿ ಏರಿ ಒಂದೇ ಸಮನಾದ ಕ್ಷಣ, ಪರದೆಯ ಮೇಲೆ ಎಲ್ಲ ಓಡತೊಡಗಿತು.

ಈ ಸದ್ದು ನನಗೆ ಗೊತ್ತು. ದಿನಾ ಬೆಳಿಗ್ಗೆ ಹತ್ತಡಿ ದೂರದಲ್ಲಿ ಕೇಳುತ್ತೇನೆ. ಗಿರಣಿ ಶುರುವಾಗುವುದೂ ಹೀಗೇ. ಬೆಲ್ಟ್ ಪೂರ್ತಿ ಸ್ಪೀಡಿಗೆ ಬರುವ ತನಕ ಗಿರಣಿಯವನು ಜೋಳ ಸುರಿಯುವುದಿಲ್ಲ, ಡಬ್ಬಿ ಹಿಡಿದವರೆಲ್ಲ ಕಾಯಬೇಕು.

ಡಿ ಡ್ರೈವ್! ಹಳೇ ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿ ಅನ್ನುವ ಹೊಸ ಕಾಲದ ಡಿಸ್ಕಿನಲ್ಲಿ ತಿರುಗುವುದು ಏನೂ ಇಲ್ಲ. ಇದರೊಳಗೆ ತಟ್ಟೆ ಇದೆ, ನಿಮಿಷಕ್ಕೆ 7200 ಸುತ್ತು ತಿರುಗಬೇಕು. ಯಾರೂ ಮಾತಾಡಿಸದಿದ್ದರೆ ಕರೆಂಟ್ ಉಳಿಸಲು ವಿಂಡೋಸ್ ಅದನ್ನು ಮಲಗಿಸುತ್ತದೆ. ಮತ್ತೆ ಎಬ್ಬಿಸಿದರೆ ತಟ್ಟೆ ವೇಗಕ್ಕೆ ಬರಲು ನಾಲ್ಕಾರು ಸೆಕೆಂಡ್ ಬೇಕು. ಅದರ ಬಾಗಿಲು ತಟ್ಟಿದ ಆಟ ಅಷ್ಟು ಹೊತ್ತು ನಿಂತೇ ಇರುತ್ತಿತ್ತು. ಇದು ಕೆಟ್ಟದ್ದಲ್ಲ, ನಿಯಮ. ಅದಕ್ಕೇ ದಿನಚರಿಯಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಬಾಗಿಲು ತಟ್ಟುತ್ತಿದ್ದವರು ಯಾರು? ಮಗನನ್ನು ಕೂರಿಸಿ ವಿಚಾರಿಸಿದೆ. ಶತ್ರು ಬಿದ್ದ ಗಳಿಗೆಯ ವಿಡಿಯೊ ತಾನಾಗಿಯೇ ರೆಕಾರ್ಡ್ ಆಗುವ ಹಾಗೆ ಮಾಡಿಕೊಂಡಿದ್ದಾನೆ. ಗೆಳೆಯರಿಗೆ ತೋರಿಸಲು. ಎಸ್‌ಎಸ್‌ಡಿಯಲ್ಲಿ ಜಾಗ ಹಾಳಾಗಬಾರದು ಅಂತ, ಜಾಣ, ಅದನ್ನು ಡಿ ಡ್ರೈವಿಗೆ ಕೊಟ್ಟಿದ್ದಾನೆ. ಫಾರ್ಮ್ಯಾಟ್ ಹೊಡೆಸಿ ತಂದ ಸಂಜೆಯೂ ಮೊದಲು ಮಾಡಿದ್ದು ಅದನ್ನೇ.

ಪವರ್ ಆಪ್ಷನ್ಸ್ ತೆಗೆದು ನೋಡಿದೆ. ಇಷ್ಟು ನಿಮಿಷ ಸುಮ್ಮನಿದ್ದರೆ ಹಾರ್ಡ್ ಡಿಸ್ಕ್ ಮಲಗಿಸು ಅನ್ನುವ ಕಡೆ ವಿಂಡೋಸ್ ತಾನೇ ಇಟ್ಟುಕೊಂಡ ಲೆಕ್ಕ: 20.

ಆ ಇಪ್ಪತ್ತನ್ನು ನೋಡಿದ ಮೇಲೆ ಎಲ್ಲ ಬಿಡಿಸಿಕೊಂಡಿತು. ಅಂಗಡಿ ಹುಡುಗ ನೋಡಿದ್ದು ಹದಿನೈದು ನಿಮಿಷ. ಎದುರು ಮನೆಯವನು ಎರಡು ನಿಮಿಷಕ್ಕೊಬ್ಬನನ್ನು ಕೆಡವುತ್ತಿದ್ದ. ಎರಡು ನಿಮಿಷಕ್ಕೊಮ್ಮೆ ಬಾಗಿಲು ತಟ್ಟಿದರೆ ಯಾರು ಮಲಗುತ್ತಾರೆ? ನಮ್ಮವನು ಅರ್ಧ ಗಂಟೆಗೊಬ್ಬನನ್ನು ಹೊಡೆದರೆ ಹೆಚ್ಚು. ಪ್ರತಿ ಸಲವೂ ಡಿಸ್ಕ್ ಗಾಢ ನಿದ್ದೆಯಲ್ಲಿ. ಇಪ್ಪತ್ತು ನಿಮಿಷಕ್ಕೊಮ್ಮೆಯಾದರೂ ಗೆಲ್ಲುವ ಮಗ ಹುಟ್ಟಿದ್ದರೆ ನನಗೆ ಬಯಾಸ್ ಅಂದರೆ ಏನು ಅಂತಲೂ ಗೊತ್ತಾಗುತ್ತಿರಲಿಲ್ಲ. ಇದನ್ನು ಅವನಿಗೆ ಬಿಡಿಸಿ ಹೇಳಿದೆ. ಹೇಳಬಾರದಿತ್ತು. ಎರಡು ದಿನ ಮಾತು ಬಿಟ್ಟ.

ಅವ್ವನಿಗೂ ಹೇಳಿದೆ. ಅವಳು ಡಿಸ್ಕಿನ ಪರ ವಹಿಸಿದಳು. 'ಇಂಥಾ ಬಿಸಲಾಗ ಮಧ್ಯಾಹ್ನ ಊರೇ ಮಲಗ್ತದ. ನಿನ್ನ ಎಬ್ಬಿಸಿದ್ರ ನೀ ಎಷ್ಟೊತ್ತಿಗೆ ಏಳ್ತಿ? ಚಹಾ ಕೊಡೋ ತನಕ ಕಣ್ಣು ತೆರೆಯಂಗಿಲ್ಲ. ಅದು ನಾಕು ಸೆಕೆಂಡಿಗೆ ಏಳ್ತದಂತ, ಅದಕ್ಕ ಬೈತಾರ!'

20ರ ಜಾಗದಲ್ಲಿ 0 ಬರೆದೆ. ಅಂದರೆ ಮಲಗುವಂತಿಲ್ಲ. ಅವತ್ತಿನಿಂದ ಆಟ ಒಮ್ಮೆಯೂ ನಿಂತಿಲ್ಲ. ನಿಂತಿಲ್ಲ ಅಂತ ಬರೆದರೂ ಅದು ಪೂರ್ತಿ ಖರೆ ಅಲ್ಲ.

ಡಿಸ್ಕಿನಲ್ಲಿ ಏನೇನಿದೆ ಅಂತ ತೋರಿಸುವ ಹುರುಪಿನಲ್ಲಿ ನಾನು ಗೃಹಪ್ರವೇಶದ ವಿಡಿಯೊ ಹಚ್ಚಿದ್ದೆ. 2014ರ ಮೇ ತಿಂಗಳದ್ದು. ಶುರುವಿನಲ್ಲೇ ಹೂವಿನ ಚಿತ್ರದ ನಡುವೆ 'ಸ್ಥಳ: ಗುಲಬರ್ಗಾ' ಅಂತ ಬರುತ್ತದೆ. ಊರು ಕಲಬುರಗಿ ಆಗಿದ್ದು ಆ ವರ್ಷದ ನವೆಂಬರ್ 1ಕ್ಕೆ. ಅವ್ವ, ಹೆಂಡತಿ ಇಬ್ಬರೂ ಕುರ್ಚಿ ಎಳೆದುಕೊಂಡು ಕೂತರು. ಈಗ ದಿನಾ ಸಂಜೆ ಏಳಕ್ಕೆ ಅದೇ ಕಾರ್ಯಕ್ರಮ. ಪೂರ್ತಿ ಮೂರೂವರೆ ಗಂಟೆ ಇದೆ. ಯಾರು ಯಾವ ಸೀರೆ ಉಟ್ಟಿದ್ದರು, ಯಾರು ಉಡುಗೊರೆ ತರದೆ ಎರಡು ಸಲ ಹೋಳಿಗೆ ಹಾಕಿಸಿಕೊಂಡರು, ಎಲ್ಲದರ ತನಿಖೆ ನಡೆದಿದೆ. ಅಲ್ಲಲ್ಲಿ ನಿಲ್ಲಿಸಿ, ಹಿಂದೆ ಓಡಿಸಿ ನೋಡುತ್ತಾರೆ.

ಮಗ ಹೆಡ್‌ಫೋನ್ ಕೊರಳಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾನೆ.

'ಅಮ್ಮಾ, ಇನ್ನಾ ಎಷ್ಟೊತ್ತು?'

'ನಿಂದ್ರೋ, ಈಗರೆ ಊಟಕ್ಕ ಕುಂತಾರ.'